ಇ.ಸಿ. ಫ್ಯಾನ್ ಹಾಕಿಸಿದ ಕಟ್ಟಡಗಳವರು ನ್ಯೂಟ್ರಲ್ ನೋಡಿಸಿ

ಎಲ್ಲರಿಗೂ ನಮಸ್ಕಾರ. ಬೇಸ್‌ಮೆಂಟ್, ಟಾಯ್ಲೆಟ್ ಶಾಫ್ಟ್‌ಗಳಲ್ಲಿ ಹಳೆ ಫ್ಯಾನ್ ತೆಗೆಸಿ ಕರೆಂಟ್ ಉಳಿಸುವ ಇ.ಸಿ. ಫ್ಯಾನ್ (ಒಳಗೇ ಎಲೆಕ್ಟ್ರಾನಿಕ್ ನಿಯಂತ್ರಣ ಇರುವ ಮೋಟರಿನದು) ಹಾಕಿಸಿದವರು ಪ್ಯಾನೆಲ್‌ನ ನ್ಯೂಟ್ರಲ್ ಕರೆಂಟ್ ಅಳೆಸಿ. ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರೇ (ಅಲೆ ಕೆಟ್ಟಿದ್ದರೂ ಸರಿಯಾಗಿ ಅಳೆಯುವಂಥದ್ದು) ಬೇಕು, ಸಾದಾ ಮೀಟರ್ ಕಡಿಮೆ ತೋರಿಸುತ್ತದೆ.

ಸಿಂಗಲ್ ಫೇಸ್ ಫ್ಯಾನಿನಲ್ಲಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವೋಲ್ಟೇಜ್ ಅಲೆಯ ತುದಿಯಲ್ಲಷ್ಟೇ ಕರೆಂಟ್ ಎಳೆಯುತ್ತದೆ. ಅದರಿಂದ 150 ಹರ್ಟ್ಸ್‌ನ ಮೂರನೇ ಹಾರ್ಮೋನಿಕ್, ಅಂದರೆ ಲೈನಿನ 50 ಹರ್ಟ್ಸ್‌ಗೆ ಮೂರು ಪಟ್ಟು ವೇಗದ ಅಲೆ, ಹುಟ್ಟುತ್ತದೆ. ಲೋಡನ್ನು ಮೂರು ಫೇಸ್‌ಗೆ ಎಷ್ಟೇ ಸಮನಾಗಿ ಹಂಚಿದರೂ ಇದು ರದ್ದಾಗುವುದಿಲ್ಲ, ನ್ಯೂಟ್ರಲ್‌ನಲ್ಲಿ ಒಟ್ಟುಗೂಡುತ್ತದೆ. ಫೇಸ್‌ನಲ್ಲಿ 20 ಆಂಪ್ ಇದ್ದರೆ ನ್ಯೂಟ್ರಲ್‌ನಲ್ಲಿ 30 ದಾಟಬಹುದು, ಫೇಸನ್ನಷ್ಟೇ ಕಾಯುವ ಎಂಸಿಬಿ ಟ್ರಿಪ್ ಆಗುವುದೇ ಇಲ್ಲ! ವೈರಿನ ತುದಿಯ ಲಗ್ (ಲೋಹದ ಜೋಡಣೆ) ಬಳಿ ಇನ್ಸುಲೇಷನ್ ಕಂದಿದ್ದರೆ ತಡ ಮಾಡಬೇಡಿ. ನ್ಯೂಟ್ರಲ್ ಕಳಚಿದರೆ 230 ವೋಲ್ಟಿನ ಸಾಮಾನಿಗೆ 400ರ ಹತ್ತಿರ ಬಂದು ಸುಟ್ಟುಹೋಗುತ್ತದೆ.

ಇನ್ನು ಮುಂದೆ, ಕರೆಂಟನ್ನು ಅಲೆಯುದ್ದಕ್ಕೂ ಸಮವಾಗಿ ಎಳೆಯುವಂತೆ ಮಾಡುವ ಆಕ್ಟಿವ್ ಪಿಎಫ್‌ಸಿ ಇರುವ ಫ್ಯಾನನ್ನೇ ಕೊಳ್ಳಿ. ಬೆಲೆ ಹೆಚ್ಚಾದರೂ ಅದೇ ಸರಿಯಾದ ದಾರಿ. ಇರುವ ಲೈನಿಗೆ ನ್ಯೂಟ್ರಲ್ ದಪ್ಪಗೆ ಎಳೆಸಿ: ಫೇಸ್ 6 ಚದರ ಮಿ.ಮೀ. ಇದ್ದರೆ ನ್ಯೂಟ್ರಲ್ 10.

ತ್ರೀ ಫೇಸ್ ಫ್ಯಾನು, ಮೋಟರ್ ವೇಗ ಬದಲಿಸುವ ವಿಎಫ್‌ಡಿಗಳಲ್ಲಿ ತೊಂದರೆ 5 ಮತ್ತು 7ನೇ ಹಾರ್ಮೋನಿಕ್‌ನದು. ಒಳಗೆ ಡಿಸಿ ಚೋಕ್ (ಕರೆಂಟಿನ ಏರಿಳಿತ ತಗ್ಗಿಸುವ ಸುರುಳಿ) ಇಲ್ಲದಿದ್ದರೆ ಇನ್‌ಪುಟ್‌ಗೆ 3% ಲೈನ್ ಚೋಕ್ ಹಾಕಿಸಿ. ಕರೆಂಟಿನಲ್ಲಿ ಒಟ್ಟು ಹಾರ್ಮೋನಿಕ್ ಎಷ್ಟೆಂದು ಹೇಳುವ, 80% ಮೀರಿದ ಟಿಎಚ್‌ಡಿ ಸುಮಾರು 40%ಕ್ಕೆ ಇಳಿಯುತ್ತದೆ.

ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್ ಪ್ಯಾನೆಲ್ ಇದ್ದವರು ವಿಶೇಷವಾಗಿ ಗಮನಿಸಿ. ಬರಿಯ ಕೆಪಾಸಿಟರ್ ಟ್ರಾನ್ಸ್‌ಫಾರ್ಮರ್ ಜೊತೆ ರೆಸೊನೆನ್ಸ್‌ಗೆ (ಹಾರ್ಮೋನಿಕ್ ಹಲವು ಪಟ್ಟು ಬೆಳೆಯುವ ಅನುರಣನ) ಸಿಕ್ಕಿ ಉಬ್ಬಿಕೊಳ್ಳಬಹುದು. ಅದನ್ನು ತಪ್ಪಿಸಲು ಕೆಪಾಸಿಟರ್ ಜೊತೆ ಸರಣಿಯಲ್ಲಿ ಹಾಕುವ ಸುರುಳಿ, 7% ಡಿಟ್ಯೂನ್ಡ್ ರಿಯಾಕ್ಟರ್ 5ನೇ ಹಾರ್ಮೋನಿಕ್‌ಗೆ ಸಾಕು. ಮೂರನೆಯದೇ ಜೋರಾಗಿದ್ದರೆ 14% ಬೇಕು. ರಿಯಾಕ್ಟರ್ ಸೇರಿಸಿದರೆ ಕೆಪಾಸಿಟರ್ ಮೇಲಿನ ವೋಲ್ಟೇಜ್ ಏರುತ್ತದೆ, 440 ವೋಲ್ಟಿನದನ್ನು ಹಾಗೇ ಉಳಿಸಿಕೊಳ್ಳಬೇಡಿ, 525 ವೋಲ್ಟಿನದು ಹಾಕಿಸಿ.