ಸ್ಪೆಲ್ಲಿಂಗ್ ಬಾಯಿಪಾಠ ಬೇಡ, ಅದರ ಕಥೆ ಹೇಳಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಓಣಿಯ ಐದನೇ ಕ್ಲಾಸಿನ ಹುಡುಗಿಯೊಬ್ಬಳು 'ಐಲ್ಯಾಂಡ್' ಅನ್ನೋ ಪದವನ್ನು 'ಇಸ್‌ಲ್ಯಾಂಡ್' ಅಂತ ಓದಿ ಟ್ಯೂಷನ್ನಿನಲ್ಲಿ ಬೈಸಿಕೊಂಡು ಬಂದಿದ್ದಳು. ನೋಟ್‌ಬುಕ್ಕಿನ ಎರಡು ಪುಟದ ತುಂಬ ಅದೇ ಪದ, ಕೆಳಗೆ ಹೋದಂತೆಲ್ಲ ಅಕ್ಷರ ವಾಲಿದ್ದವು. ಓದದೇ ಬಿಡೋ ಎಸ್ ಅನ್ನು ಬರೆಯೋದಾದರೂ ಯಾಕೆ ಅಂತ ಕೇಳಿದಳಂತೆ. 'ಇಂಗ್ಲಿಷ್ ಇರೋದ ಹಂಗ, ಬಾಯಿಪಾಠ ಮಾಡು' ಅಂದರಂತೆ.

ನನ್ನ ತಕರಾರು ಈ ಉತ್ತರದ ಮೇಲೆ. ಕಾರಣ ಇದೆ, ಹೇಳೋಕೆ ಎರಡು ನಿಮಿಷ ಸಾಕು. ಹಳೇ ಇಂಗ್ಲಿಷಿನಲ್ಲಿ ಆ ಪದಕ್ಕೆ ಎಸ್ ಇರಲೇ ಇಲ್ಲ. 16ನೇ ಶತಮಾನದ ಹೊತ್ತಿಗೆ ಲ್ಯಾಟಿನ್ ಮೋಹದ ಪಂಡಿತರು, ಇದು ದ್ವೀಪ ಅನ್ನೋ ಅರ್ಥದ ಲ್ಯಾಟಿನ್ನಿನ 'ಇನ್ಸುಲಾ'ದ ಬಳಗ ಇರಬೇಕು ಅಂದುಕೊಂಡು ನಡುವೆ ಎಸ್ ತುರುಕಿದರು. ಅಸಲಿಗೆ ಎರಡಕ್ಕೂ ಸಂಬಂಧವೇ ಇಲ್ಲ! ಸಾಲ ಅನ್ನೋ ಅರ್ಥದ 'ಡೆಟ್' ಕೂಡ ಫ್ರೆಂಚಿನಿಂದ ಬಂದಾಗ ಬಿ ಇಲ್ಲದೇ ಬಂತು, ಆಮೇಲೆ ಲ್ಯಾಟಿನ್ನಿನ 'ಡೆಬಿಟಮ್' ನೋಡಿ ಬಿ ಸೇರಿಸಿದರು. ಅಲ್ಲಿ ಸಂಬಂಧವಾದರೂ ನಿಜ. ಆ ಪಂಡಿತರ ಒಣ ಜಂಬಕ್ಕೆ ನಮ್ಮ ಓಣಿಯ ಹುಡುಗಿ ಯಾಕೆ ಬೈಸಿಕೊಳ್ಳಬೇಕು?

ಮೊಣಕಾಲು ಅನ್ನೋ ಅರ್ಥದ 'ನೀ' (knee), ಚಾಕು ಅನ್ನೋ 'ನೈಫ್' (knife) ಪದಗಳ ಮುಂದಿನ ಕೆ ಮಾತ್ರ ಹೀಗೆ ಸುಮ್ನೆ ಬಂದಿದ್ದಲ್ಲ. ಹಿಂದೆ ಅದನ್ನು ಉಚ್ಚರಿಸುತ್ತಲೇ ಇದ್ದರು, ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ 'ಕ್ನೀ' ಅಂತಾರೆ. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣ ಶುರು ಮಾಡಿದ್ದು 1476ರಲ್ಲಿ. ಅಲ್ಲಿಂದ ಮುಂದೆ ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಯಿತು, ಜನರ ನಾಲಿಗೆ ತನ್ನ ಪಾಡಿಗೆ ಬದಲಾಗುತ್ತಲೇ ಹೋಯಿತು.

ಸ್ಪೆಲ್ಲಿಂಗಿಗೆ ಮಾತ್ರ ಅಲ್ಲ, ಪದಗಳಿಗೂ ಇಂಥ ಕಥೆ ಇದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ ಮೇಲಂತೂ ಆಳುವವರ ಮಾತೇ ಫ್ರೆಂಚ್. ಕೋರ್ಟ್, ಜಡ್ಜ್, ಟ್ಯಾಕ್ಸ್ ಎಲ್ಲ ಆ ಕಡೆಯವು. ನಮ್ಮಲ್ಲಿ ಅರ್ಜಿ, ವಕೀಲ, ಜಮೀನು ಅಂತ ಅರಬ್ಬಿ-ಪಾರಸಿ ಪದಗಳು ಕಚೇರಿಯಿಂದ ಮನೆಯೊಳಗೆ ಬಂದ ಹಾಗೇ, ಅಲ್ವಾ? ಹೊಲದಲ್ಲಿ ಮೇಯೋ ಕುರಿ ಹಳೇ ಇಂಗ್ಲಿಷಿನ 'ಶೀಪ್' ಆಗಿಯೇ ಉಳಿಯಿತು, ತಾಟಿಗೆ ಬಂದಿದ್ದು ಮಾತ್ರ ಫ್ರೆಂಚ್ ಮೂಲದ 'ಮಟನ್' ಆಯಿತು. ಫ್ರೆಂಚಿನಲ್ಲಿ ಆ ಮೂಲಪದದ ಅರ್ಥ ಕುರಿ ಅಂತಲೇ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಆಡೂ ಮಟನ್ನೇ, ಕುರಿಯೂ ಮಟನ್ನೇ, ಅದು ಬೇರೆ ಮಾತು.

ಕಲಿಸುವವರಿಗೆ ಪೋರ್ಷನ್ ಮುಗಿಸೋ ಗಡಿಬಿಡಿ ಇರುತ್ತದೆ, ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳೋದೂ ಇಲ್ಲ. ಒಪ್ಪುತ್ತೇನೆ. ಆದರೆ ಆ ಹುಡುಗಿಗೆ ಈ ಕಥೆ ಹೇಳಿದ ಮೇಲೆ, ಹೊಸ ಪದ ಸಿಕ್ಕರೆ 'ಇದರೊಳಗೆ ಯಾರು ಏನು ತುರುಕ್ಯಾರ?' ಅಂತ ತಾನೇ ಕೇಳುತ್ತಾಳೆ. ನಿಮ್ಮ ಪತ್ರಿಕೆಯಲ್ಲಿ ಮಕ್ಕಳಿಗಾಗಿ ವಾರಕ್ಕೊಂದು ಪದದ ಕಥೆ ಹಾಕಬಹುದಲ್ಲ? ಜಾಗ ಇಲ್ಲ ಅಂದರೆ ಪದಬಂಧದ ಪಕ್ಕ ನಾಲ್ಕು ಸಾಲು ಕೊಟ್ಟರೂ ನಡೆಯುತ್ತದೆ.

ಇಂತಿ,
ನಿಮ್ಮ ಓದುಗ
ಮಾಳಮಡ್ಡಿ, ಧಾರವಾಡ