ಮಗಳಿಗೊಂದು ಪತ್ರ: ನೋಡದೇ ಇದ್ದದ್ದು ಗೊತ್ತಾದದ್ದು ಹೇಗೆ?

ಪ್ರೀತಿಯ ಪುಟ್ಟಿ,

ಪರಮಾಣುವಿನ ಒಳಗೆ ಯಾರೂ ಇಣುಕಿ ನೋಡಿಲ್ಲ, ಹಾಗಿದ್ರೆ ನಡುವೆ ನ್ಯೂಕ್ಲಿಯಸ್ ಇದೆ ಅಂತ ಹೇಗೆ ಗೊತ್ತಾಯ್ತಮ್ಮಾ ಎಂದು ಫೋನಿನಲ್ಲಿ ಕೇಳಿದೆಯಲ್ಲ. ಆ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

1909ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಭೌತವಿಜ್ಞಾನಿ ರುದರ್‌ಫೋರ್ಡ್ ಅವರ ಪ್ರಯೋಗಶಾಲೆ. ಅಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ತೆಳ್ಳನೆಯ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು, ಅಂದರೆ ವಿಕಿರಣ ವಸ್ತುಗಳಿಂದ ಹೊರಡುವ ಧನ ಆವೇಶದ (ಪಾಸಿಟಿವ್ ಚಾರ್ಜ್‌ನ) ಕಣಗಳನ್ನು, ಹಾಯಿಸುತ್ತಿದ್ದರು. ಮಾರ್ಸ್‌ಡನ್ ಇನ್ನೂ ವಿದ್ಯಾರ್ಥಿ, 20 ವರ್ಷದ ಹುಡುಗ. ಕಣ ಬಂದು ಬಡಿದರೆ ಜಿಂಕ್ ಸಲ್ಫೈಡ್ ಬಳಿದ ಪರದೆಯ ಮೇಲೆ ಚುಕ್ಕಿಯಷ್ಟು ಬೆಳಕು ಮಿನುಗುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ನೆ ಕೂತಿದ್ದು, ಆಮೇಲೆ ಮೈಕ್ರೋಸ್ಕೋಪಿನಲ್ಲಿ ಅವನ್ನು ಒಂದೊಂದಾಗಿ ಎಣಿಸಬೇಕು. ಎಂಥ ತಾಳ್ಮೆ ನೋಡು!

ಹೆಚ್ಚುಕಡಿಮೆ ಎಲ್ಲ ಕಣಗಳೂ ಹಾಳೆ ದಾಟಿ ಹೋದವು. ಆದರೆ ಸಾವಿರಾರು ಕಣಗಳಲ್ಲಿ ಒಂದು ಹಿಂದಕ್ಕೆ ತಿರುಗಿ ಬಂತು. 1897ರಲ್ಲಿ ಎಲೆಕ್ಟ್ರಾನ್ ಕಂಡುಹಿಡಿದ ಥಾಮ್ಸನ್, ಧನ ಆವೇಶ ಪರಮಾಣುವಿನ ತುಂಬ ಹರಡಿದೆ ಎಂದಿದ್ದರು. ಹಾಗೆ ಹರಡಿದ ಆವೇಶಕ್ಕೆ ಆಲ್ಫಾ ಕಣವನ್ನು ಹಿಂದಕ್ಕೆ ತಳ್ಳುವಷ್ಟು ಬಲ ಇರುವುದಿಲ್ಲ. ತೂಕವೂ ಆವೇಶವೂ ನಡುವಿನ ಒಂದು ಚಿಕ್ಕ ಜಾಗದಲ್ಲಿ ಒತ್ತಾಗಿರಬೇಕು ಎಂದು ರುದರ್‌ಫೋರ್ಡ್ 1911ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಜಾಗವೇ ನ್ಯೂಕ್ಲಿಯಸ್. ಎಷ್ಟು ಚಿಕ್ಕದು ಅಂದ್ರೆ, ಚಿನ್ನದ ಪರಮಾಣು ಕ್ರಿಕೆಟ್ ಮೈದಾನದಷ್ಟಿದ್ದರೆ ಅದರ ನ್ಯೂಕ್ಲಿಯಸ್ ಒಂದು ಕಡಲೆಕಾಳು. ಪುಸ್ತಕದ ಚಿತ್ರದಲ್ಲಿ ಈ ಅಳತೆ ತೋರಿಸೋಕೆ ಆಗಲ್ಲ, ಅದು ನಿನಗೆ ಗೊತ್ತಿರಲಿ.

ನಿನ್ನ ಓಲೆಯ ಒಂದೊಂದು ಚಿನ್ನದ ಪರಮಾಣುವಿನಲ್ಲೂ ನ್ಯೂಕ್ಲಿಯಸ್ ಒಳಗೆ ಧನ ಆವೇಶದ 79 ಪ್ರೋಟಾನ್, ಆವೇಶವಿಲ್ಲದ 118 ನ್ಯೂಟ್ರಾನ್, ಸುತ್ತ ಋಣ ಆವೇಶದ 79 ಎಲೆಕ್ಟ್ರಾನ್ ಇವೆ. ಒಂದು ಪ್ರೋಟಾನ್ ಕಡಿಮೆಯಾದರೆ ಪ್ಲಾಟಿನಂ, ಒಂದು ಜಾಸ್ತಿಯಾದರೆ ಪಾದರಸ. ಎಲೆಕ್ಟ್ರಾನ್ ಒಂದೆರಡು ಹೋದರೂ ಚಿನ್ನ ಚಿನ್ನವೇ.

ನ್ಯೂಟ್ರಾನ್ ಮಾತ್ರ ಬಹಳ ಕಾಲ ಕೈಗೆ ಸಿಗಲಿಲ್ಲ. ಅದಕ್ಕೆ ಆವೇಶವೇ ಇಲ್ಲವಲ್ಲ, ಗುರುತು ಹಿಡಿಯುವುದು ಹೇಗೆ? ಇಂಥದ್ದೊಂದು ಕಣ ಇರಬಹುದು ಎಂದು ರುದರ್‌ಫೋರ್ಡ್ 1920ರಲ್ಲೇ ಹೇಳಿದ್ದರು. ಅವರ ಶಿಷ್ಯ ಚಾಡ್ವಿಕ್ ಹುಡುಕಾಟ ಬಿಡಲಿಲ್ಲ. ಬೆರಿಲಿಯಂ ಎಂಬ ಲೋಹದಿಂದ ಹೊರಟ ಕಾಣದ ಏನೋ ಒಂದು ಮೇಣಕ್ಕೆ ಬಡಿದು ಪ್ರೋಟಾನ್‌ಗಳನ್ನು ಹೊರಹಾರಿಸುತ್ತಿತ್ತು. ಹಾರಿದ ಪ್ರೋಟಾನ್‌ಗಳ ವೇಗ ನೋಡಿ, ಬಡಿದದ್ದೂ ಹೆಚ್ಚುಕಡಿಮೆ ಅಷ್ಟೇ ತೂಕದ ಕಣ ಎಂದು ಅವರು 1932ರಲ್ಲಿ ತೋರಿಸಿಕೊಟ್ಟರು. ಇಲ್ಲೂ ಅಷ್ಟೇ, ಕಣವನ್ನು ಯಾರೂ ನೋಡಲಿಲ್ಲ. ಅದು ಮಾಡಿದ ಕೆಲಸವನ್ನು ನೋಡಿದರು.

ಈಗ ನನ್ನ ಪ್ರಶ್ನೆ. ಪ್ರೋಟಾನ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ, ಅಲ್ವಾ? ಮತ್ತೆ 79 ಪ್ರೋಟಾನ್‌ಗಳು ಅಷ್ಟು ಇಕ್ಕಟ್ಟಿನಲ್ಲಿ ಹೇಗೆ ಉಳಿದುಕೊಂಡಿವೆ? ರಜೆಗೆ ಬರುವಷ್ಟರಲ್ಲಿ ಯೋಚಿಸಿಟ್ಟಿರು.

ನಿನ್ನ
ಅಮ್ಮ