200 ಚದರ ಅಡಿಗೆ ಹೊರಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ಮನೆ ಸಿಕ್ಕಿತು ಅಂತ ತಿಳಿದು ಖುಷಿಯಾಯಿತು. ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು, ಆದರೆ ದೊಡ್ಡ ಊರಿನಲ್ಲಿ ಒಂದು ಕೋಣೆಗೆ ಅಷ್ಟು ತೆರಬೇಕಾದ್ದು ಹೊಸದೇನಲ್ಲ, ಆ ಮಾತು ಬಿಡು. ಮಂಚ, ಬೀರು, ಮೇಜು ಎಲ್ಲ ಈ ವಾರವೇ ತಂದುಹಾಕುತ್ತೇನೆ ಅಂದೆಯಲ್ಲ, ಅದಕ್ಕೇ ಅವಸರದಲ್ಲಿ ಈ ಕಾಗದ. ಸದ್ಯಕ್ಕೆ ಏನೂ ಕೊಳ್ಳಬೇಡ. ಟೇಪು ಹಿಡಿದು ಒಂದು ಸಂಜೆ ಖಾಲಿ ಮನೆಯಲ್ಲಿ ಕಳೆ.

ಜಾಹೀರಾತಿನಲ್ಲಿದ್ದ ಚದರ ಅಡಿಯನ್ನು ನಂಬಬೇಡ. ಗೋಡೆಯ ದಪ್ಪ, ಮೆಟ್ಟಿಲು, ಹೊರಗಿನ ಪ್ಯಾಸೇಜಿನ ಪಾಲು ಎಲ್ಲ ಅದರಲ್ಲಿ ಸೇರಿರಬಹುದು. ನಿನಗೆ ಬೇಕಾದ್ದು ಗೋಡೆಯಿಂದ ಗೋಡೆಗೆ ಒಳಗಿನ ಅಳತೆ. ಅದರಲ್ಲೂ ಬಾಗಿಲು ತಿರುಗುವ ಜಾಗ ಕಳೆಯಬೇಕು. 30 ಇಂಚಿನ ಬಾಗಿಲು ಒಳಕ್ಕೆ ತೆರೆದರೆ ಹತ್ತಿರಹತ್ತಿರ 5 ಚದರ ಅಡಿ ಅದರದ್ದೇ ಆಯಿತು, ಅಲ್ಲಿ ಏನೂ ಇಡುವಂತಿಲ್ಲ. ಬಾಗಿಲು ಎರಡಿದ್ದರೆ 10. ಉಳಿದದ್ದರಿಂದ ಬಾಡಿಗೆಯನ್ನು ಭಾಗಿಸಿ ನೋಡಿದರೆ, ಅಗ್ಗ ಅಂದುಕೊಂಡ ಮನೆಗಿಂತ ದುಬಾರಿ ಅಂದುಕೊಂಡದ್ದೇ ವಾಸಿ ಅನ್ನಿಸುವುದೂ ಉಂಟು.

ಒಂದೇ ಗೋಡೆಯನ್ನು ನೆಲದ ಹತ್ತಿರ, ಸೊಂಟದ ಮಟ್ಟದಲ್ಲಿ, ತಲೆಯ ಮೇಲೆ, ಹೀಗೆ ಮೂರು ಕಡೆ ಅಳೆ. ಗೋಡೆಗಳು ನೆಟ್ಟಗೆ ಇರುವುದು ಅಪರೂಪ. ಅರ್ಧ ಇಂಚು ಆಚೀಚೆ ಬಂದೇ ಬರುತ್ತದೆ. ಮೂರರಲ್ಲಿ ಚಿಕ್ಕದನ್ನು ಹಿಡಿದು, ಅದರಲ್ಲೂ ಅರ್ಧ ಇಂಚು ಕಡಿಮೆ ಮಾಡಿ ಬಡಗಿಗೆ ಹೇಳು. ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿ, ಮುಂದಕ್ಕೆ ಬಂದಿರುವುದನ್ನೂ ಲೆಕ್ಕಕ್ಕೆ ತಗೋ. ಸ್ವಿಚ್ಚು, ಸಾಕೆಟ್ಟು, ನಲ್ಲಿ ಎಲ್ಲಿವೆ, ಕಿಟಕಿ ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಬರೆದುಕೋ. ಆಮೇಲೆ ಮಂಚ, ಬೀರು, ಮೇಜಿನ ಅಳತೆಗೆ ಹಳೆಯ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿ ಓಡಾಡಿ ನೋಡು. ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆಗಿಂತ ಇದು ಹೆಚ್ಚು ಹೇಳುತ್ತದೆ.

ಬೀರುವಿನ ವಿಷಯದಲ್ಲಿ ಬಹಳ ಮಂದಿ ಎಡವುವುದು ಎತ್ತರದಲ್ಲಿ. ಸೀಲಿಂಗ್ 8 ಅಡಿ, ಅಂದರೆ 96 ಇಂಚು. ಬೀರು 94 ಇಂಚು. ಸರಿಯಾಗಿ ಕೂತಿತು ಅಂದುಕೊಳ್ಳುತ್ತಾರೆ. ಆದರೆ ಬಿಡಿಭಾಗಗಳಲ್ಲಿ ಬರುವ ಬೀರುವನ್ನು ಸಾಮಾನ್ಯವಾಗಿ ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸುವುದು. ಎತ್ತುವಾಗ ಅದರ ಮೂಲೆಯಿಂದ ಮೂಲೆಗೆ ಇರುವ ಉದ್ದ ಸೀಲಿಂಗಿನ ಕೆಳಗೆ ಹಾಯಬೇಕು. 24 ಇಂಚು ಆಳವಿದ್ದರೆ ಆ ಕರ್ಣ 97 ಇಂಚು. ಒಂದೇ ಒಂದು ಇಂಚು ಸಾಲದೆ ಬೀರು ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಸೀಲಿಂಗಿನ ಸುಣ್ಣ ಕೆರೆದುಹೋಗುತ್ತದೆ. 90 ಇಂಚಿನದಾದರೆ ಕರ್ಣ 93 ಚಿಲ್ಲರೆ, ಆರಾಮಾಗಿ ನಿಲ್ಲುತ್ತದೆ. ಮೇಲಿನ ಜಾಗ ಬೇಕೇ ಬೇಕೆಂದರೆ ಬೀರುವಿನ ಮೇಲೆ ಬೇರೆಯೇ ಒಂದು ಪೆಟ್ಟಿಗೆ ಮಾಡಿಸು. ಲಿಫ್ಟು, ಮೆಟ್ಟಿಲಿನ ತಿರುವಿಗೂ ಇದೇ ಲೆಕ್ಕ. ಹಾಸಿಗೆಯನ್ನಾದರೆ ಬಗ್ಗಿಸಬಹುದು, ಮಂಚದ ತಲೆಹಲಗೆಯನ್ನು ಬಗ್ಗಿಸಲಾಗದು.

ಓಡಾಡುವ ದಾರಿಗೆ 24 ಇಂಚು ಕನಿಷ್ಠ, 30 ಇದ್ದರೆ ಒಳ್ಳೆಯದು. ಕುರ್ಚಿ ಹಿಂದಕ್ಕೆ ಎಳೆದು ಏಳಲು ಮೇಜಿನ ಅಂಚಿನಿಂದ 30 ಇಂಚಾದರೂ ಬೇಕು. ಕೀಲಿನ ಬಾಗಿಲಿರುವ ಬೀರುವಿನ ಮುಂದೆ ಬಾಗಿಲಿನ ಅಗಲದ ಜೊತೆಗೆ ನೀನು ನಿಲ್ಲುವ ಜಾಗ ಸೇರಿಸು. ಅದು ಸಾಲದಿದ್ದರೆ ಸ್ಲೈಡಿಂಗ್ ಬಾಗಿಲು ಅನ್ನುತ್ತಾರೆ, ಸರಿ, ಆದರೆ ಅದರ ಹಳಿಗೆ ಬೀರುವಿನ ಒಳಗೇ ಮೂರು ನಾಲ್ಕು ಇಂಚು ಆಳ ಹೋಗುತ್ತದೆ. 24 ಇಂಚಿನ ಬೀರುವಿನಲ್ಲಿ ಹ್ಯಾಂಗರ್ ಬಾಗಿಲಿಗೆ ತಾಗತೊಡಗುತ್ತದೆ. ಒಮ್ಮೆಗೆ ಅರ್ಧ ಬೀರು ಮಾತ್ರ ತೆರೆಯುವುದು ಬೇರೆ.

ಇನ್ನು ಮಂಚ. 4 ಅಡಿ ಅಗಲ, 6 ಕಾಲು ಅಡಿ ಉದ್ದದ್ದು 25 ಚದರ ಅಡಿ ತಿನ್ನುತ್ತದೆ, 10ಕ್ಕೆ 10ರ ಕೋಣೆಯಲ್ಲಿ ಕಾಲು ಭಾಗ. ಮೇಲೇರಿಸಿದ ಮಂಚ ಮಾಡಿಸಿ ಕೆಳಗೆ ಮೇಜು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಕೂಡಿಸಿ ನೋಡು: ಕೆಳಗೆ ನಿಲ್ಲಲು 75 ಇಂಚು, ಚೌಕಟ್ಟು ಮತ್ತು ಹಾಸಿಗೆಗೆ 10, ಮೇಲೆ ತಲೆ ಬಡಿಯದಂತೆ ಕೂರಲು 36. ಒಟ್ಟು 121 ಇಂಚು, ಹತ್ತು ಅಡಿಗೂ ಒಂದು ಇಂಚು ಹೆಚ್ಚು. 9 ಅಡಿ ಸೀಲಿಂಗಿನಲ್ಲಿ ಎರಡರಲ್ಲಿ ಒಂದನ್ನು ಬಿಡಲೇಬೇಕು. ಸೀಲಿಂಗ್ ಫ್ಯಾನ್ ಇದ್ದರಂತೂ ಆ ಯೋಚನೆಯನ್ನೇ ಕೈಬಿಡು; ನಿದ್ದೆಗಣ್ಣಿನಲ್ಲಿ ಕೈ ಎತ್ತಿದರೆ ರೆಕ್ಕೆಗೇ ಹೋಗುತ್ತದೆ. ಬಿಸಿಗಾಳಿಯೂ ಮೇಲೇ ಸೇರುವುದು. ಗೋಡೆಗೆ ಮಡಚುವ ಮಂಚವಾದರೆ ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೇ ಬಿಗಿಯಬೇಕು, ಜಿಪ್ಸಂ ಬೋರ್ಡಿನ ತಡಿಕೆಗೆ ಮಾತ್ರ ಬೇಡ. ನನ್ನ ಆಯ್ಕೆ ಹೈಡ್ರಾಲಿಕ್ ಮಂಚ, ಕೆಳಗೆ ಸಾಮಾನು ಇಡುವಂಥದ್ದು. ಅದರ ಹಲಗೆಯನ್ನು ಎತ್ತಿ ಹಿಡಿಯುವ ಗ್ಯಾಸ್ ದಂಡಗಳು ಹಾಸಿಗೆಯ ತೂಕಕ್ಕೆ ಹೊಂದಬೇಕು: ಹಗುರ ಹಾಸಿಗೆಗೆ ಬಲವಾದ ದಂಡ ಹಾಕಿದರೆ ಹಲಗೆ ಪೂರ್ತಿ ಕೂರುವುದಿಲ್ಲ, ಭಾರದ ಹಾಸಿಗೆಗೆ ದುರ್ಬಲ ದಂಡವಾದರೆ ಎತ್ತಿದ್ದು ನಿಲ್ಲದೆ ಕೈಮೇಲೆ ಬೀಳುತ್ತದೆ. ಹಾಸಿಗೆ ಕೊಂಡ ಮೇಲೆ ತೂಕ ಹೇಳಿ ದಂಡ ಹಾಕಿಸು. ಹಲಗೆಗೆ ಅಲ್ಲಲ್ಲಿ ಒಂದು ಇಂಚಿನ ತೂತು ಕೊರೆಸುವುದನ್ನು ಮರೆಯಬೇಡ. ಏಕೆ ಅನ್ನುವುದಕ್ಕೆ ಈಗ ಬರುತ್ತೇನೆ.

ಚಿಕ್ಕ ಮನೆಯನ್ನು ಕೆಡಿಸುವುದು ಸಾಮಾನಿಗಿಂತ ಹೆಚ್ಚಾಗಿ ನೀರು. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಶೆಲ್ಫಿನ ಫೋಟೋ ತೋರಿಸುತ್ತಾರೆ. 10ಕ್ಕೆ 10, ಎತ್ತರ 9 ಅಡಿಯ ಕೋಣೆಯಲ್ಲಿ ಸುಮಾರು 25 ಘನ ಮೀಟರ್ ಗಾಳಿ ಇರುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯಬಲ್ಲದು. ಇಡೀ ಕೋಣೆಗೆ 575 ಗ್ರಾಂ. ತೇವಾಂಶ ಈಗಾಗಲೇ ಶೇ. 60 ಇದ್ದರೆ ಇನ್ನು ಹಿಡಿಸುವುದು 230 ಗ್ರಾಂ ಮಾತ್ರ, ಒಂದು ಲೋಟ ನೀರು. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರಿನಿಂದ, ಮೈಯಿಂದಲೇ ಅರ್ಧ ಲೀಟರಿಗೂ ಹೆಚ್ಚು ಹೊರಬರುತ್ತದೆ. ವಾಷಿಂಗ್ ಮೆಷಿನ್ನಿನಿಂದ ತೆಗೆದ 5 ಕಿಲೋ ಬಟ್ಟೆಯಲ್ಲಿ, ಚೆನ್ನಾಗಿ ಹಿಂಡಿದ ಮೇಲೂ, ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ. ಅದನ್ನು ಕೋಣೆಯೊಳಗೆ ಹರವಿದರೆ ಅಷ್ಟೂ ನೀರು ಗಾಳಿಗೇ ಬರಬೇಕು. ಅನಿಲದ ಒಲೆಯೂ ಸುಮ್ಮನಿಲ್ಲ: ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ, ಪಾತ್ರೆಯಲ್ಲಿ ಕುದಿಯುವುದು ಬೇರೆ.

ಕಿಟಕಿ ಮುಚ್ಚಿದ್ದರೆ ಇದೆಲ್ಲ ತಂಪಾದ ಮೈ ಹುಡುಕಿಕೊಂಡು ಹೋಗುತ್ತದೆ. ಕೋಣೆ 25 ಡಿಗ್ರಿ, ತೇವಾಂಶ ಶೇ. 60 ಇರುವಾಗ ಹೊರಗೋಡೆಯ ಒಳಮೈ 17 ಡಿಗ್ರಿಗೆ ಇಳಿದರೆ ಹನಿ ಕಟ್ಟುತ್ತದೆ. ಬೂಷ್ಟಿಗೆ ಅಷ್ಟೂ ಬೇಡ. ಗೋಡೆ 20 ಡಿಗ್ರಿ ಇದ್ದರೇ ಅದರ ಮೈಗಂಟಿದ ಗಾಳಿಯ ತೇವಾಂಶ ಶೇ. 80 ಮುಟ್ಟುತ್ತದೆ, ಅದು ಹಾಗೇ ಕೆಲವು ದಿನ ಉಳಿದರೆ ಕಪ್ಪು ಚುಕ್ಕೆ ಶುರು. ಬೀರುವಿನ ಬೆನ್ನಿಗೆ, ಮಂಚದ ತಲೆಕಡೆ, ಹಾಸಿಗೆಯ ಅಡಿಗೆ ಮೊದಲು ಬರುವುದು ಇದಕ್ಕೇ: ಅಲ್ಲಿ ಗಾಳಿ ಆಡುವುದಿಲ್ಲ. ಮಂಚದ ಹಲಗೆಗೆ ತೂತು ಕೊರೆಸು ಅಂದದ್ದೂ ಇದಕ್ಕೇ. ಬೀರುವನ್ನು ಆದಷ್ಟು ಒಳಗೋಡೆಗೆ ಇಡು. ಹೊರಗೋಡೆಯೇ ಗತಿಯಾದರೆ 2 ಇಂಚು ಬಿಟ್ಟು, 4 ಇಂಚಿನ ಕಾಲಿನ ಮೇಲೆ ನಿಲ್ಲಿಸು. ನೆಲದ ಮೇಲೆ ಹಾಸಿ ಮಲಗುವುದಾದರೆ ಬೆಳಗ್ಗೆ ಸುತ್ತಿ ಎತ್ತಿಡಲೇಬೇಕು. ಬಣ್ಣದ ಮೇಲೆ ಬಣ್ಣ ಬಳಿದರೆ ಬೂಷ್ಟು ಹೋಗುವುದಿಲ್ಲ, ಒಂದು ಮಳೆಗಾಲ ತಡೆದು ಮತ್ತೆ ಬರುತ್ತದೆ.

ಒಂದು ಚಿಕ್ಕ ತೇವಾಂಶ ಮಾಪಕ ತಂದು ಬೀರುವಿನ ಪಕ್ಕ ಇಡು. ಶೇ. 60 ದಾಟದಂತೆ ನೋಡಿಕೊಂಡರೆ ಸಾಕು. ಬಟ್ಟೆಯನ್ನು ಎರಡನೇ ಸಲ ಸ್ಪಿನ್ ಮಾಡು, ಬಾತ್‌ರೂಮಿನಲ್ಲಿ ಹರವಿ ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ ಬಿಡು. ಸ್ನಾನವಾದ ಮೇಲೂ ಅದು ಇಪ್ಪತ್ತು ನಿಮಿಷ ತಿರುಗಲಿ. ಆದರೆ ಹೋದಷ್ಟು ಗಾಳಿ ಬರಲು ದಾರಿ ಬೇಕಲ್ಲ! ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಸಂದಿಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆ, ಗಾಳಿ ಎಳೆಯುವುದಿಲ್ಲ. ಅಡುಗೆಮನೆಯ ಚಿಮಣಿಯೂ ಹೊರಗೆ ಪೈಪು ಹೋಗುವಂಥದ್ದೇ ಆಗಬೇಕು. ಪೈಪಿಲ್ಲದ ಇದ್ದಿಲು ಫಿಲ್ಟರಿನದ್ದು ವಾಸನೆಯನ್ನೂ ಜಿಡ್ಡನ್ನೂ ಸ್ವಲ್ಪ ಹಿಡಿದು, ಆವಿಯನ್ನು ಮರಳಿ ನಿನ್ನ ಮುಖಕ್ಕೇ ಊದುತ್ತದೆ. ಹೊರಗೆ ಮಳೆ ಹಿಡಿದಾಗ ಕಿಟಕಿ ತೆರೆದೂ ಒಣಗದು. ಆಗ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರುವ ಯಂತ್ರ, ನೆರವಾಗುತ್ತದೆ, ಆದರೆ ಅದು ಎಳೆದ ಕರೆಂಟು ಶಾಖವಾಗಿ ಕೋಣೆಯಲ್ಲೇ ಉಳಿಯುತ್ತದೆ ಅನ್ನುವುದು ತಿಳಿದಿರಲಿ.

ರಾತ್ರಿ ಕಿಟಕಿ ಎರಡು ಇಂಚಾದರೂ ತೆರೆದಿರಲಿ. ಅದೇ 25 ಘನ ಮೀಟರಿನಲ್ಲಿ, ಎಲ್ಲ ಬಿಗಿಯಾಗಿ ಮುಚ್ಚಿದ್ದರೆ, ಮಲಗಿದ ಇಬ್ಬರ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಗಂಟೆಗೆ ಹತ್ತಿರಹತ್ತಿರ 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಏರುತ್ತದೆ. ಬೆಳಗಿನ ತಲೆಭಾರಕ್ಕೆ ಇದೂ ಒಂದು ಕಾರಣ ಇರಬಹುದು. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಾಳಿ ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತದೆ.

ಒಂದು ಮಾತು ಮಾತ್ರ ಖಡಾಖಂಡಿತ. ಬಾತ್‌ರೂಮಿನ ಒಳಗೆ ಹೊಗೆ ಕೊಳವೆಯಿಲ್ಲದ ಗ್ಯಾಸ್ ಗೀಸರ್ ಇದ್ದರೆ, ಮಾಲೀಕರು ಏನೇ ಹೇಳಲಿ, ಅದನ್ನು ಹಚ್ಚಬೇಡ. ಚಿಕ್ಕ ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ ಅನಿಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಕರೆಂಟಿನದ್ದು ಹಾಕಿಸಿಕೊಡಿ ಅಂತ ಕರಾರಿಗೆ ಸಹಿ ಹಾಕುವ ಮುಂಚೆಯೇ ಕೇಳು.

ಕರೆಂಟಿನ ಲೆಕ್ಕವೂ ಇದೆ. 230 ವೋಲ್ಟಿನಲ್ಲಿ 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 1500ರ ಕೆಟಲ್ 6.5. ಎರಡನ್ನೂ 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದರೆ ಮೊದಲು ಪ್ಲಗ್ಗಿನ ಬುಡ ಬಿಸಿಯಾಗಿ ಕಂದುತ್ತದೆ, ಆಮೇಲೆ ಕರಗುತ್ತದೆ. ಒಲೆಗೆ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಬೇಕು. ಫ್ರಿಜ್ಜಿನ ಹಿಂದೆ 2 ಇಂಚು, ಮೇಲೆ 4 ಇಂಚು ಬಿಡು. ಗೂಡಿನೊಳಗೆ ಬಿಗಿಯಾಗಿ ತೂರಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬಿಲ್ಲನ್ನೂ ಕೋಣೆಯ ಸೆಕೆಯನ್ನೂ ಏರಿಸುತ್ತದೆ.

ಶೆಲ್ಫು ಹಾಕುವುದಾದರೆ ತಲೆಗಿಂತ ಮೇಲೆ, ಗೋಡೆಯುದ್ದಕ್ಕೂ ಒಂದು ಅಡಿ ಆಳದ್ದು. ಪುಸ್ತಕ ಒಂದು ಅಡಿ ಸಾಲಿಗೆ ಸುಲಭವಾಗಿ 8-10 ಕಿಲೋ ತೂಗುತ್ತದೆ. ಮರದ ಚೂರು ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡು 3 ಅಡಿ ಅಂತರಕ್ಕೆ ವರ್ಷದೊಳಗೆ ಜೋತುಬೀಳುತ್ತದೆ. 18 ಮಿಲಿಮೀಟರ್ ಪ್ಲೈವುಡ್ ಹಾಕಿ 2 ಅಡಿಗೊಂದು ಬ್ರಾಕೆಟ್ ಕೊಡು. ಡ್ರಿಲ್ ಮಾಡುವಾಗ ಉದುರುವ ಪುಡಿ ನೋಡು. ಮೊದಲ ಅರ್ಧ ಇಂಚು ಬೂದು ಪುಡಿ ಬರುವುದು ಗಿಲಾವು, ಅದರಲ್ಲೇ ನಿಂತ, ಸ್ಕ್ರೂ ಹಿಡಿಯುವ ಪ್ಲಗ್ಗು ಭಾರ ಬಿದ್ದೊಡನೆ ಕಿತ್ತು ಬರುತ್ತದೆ. ಕೆಂಪು ಪುಡಿ ಬಂದರೆ ಇಟ್ಟಿಗೆ. ಅದರೊಳಗೆ ಒಂದೂವರೆ ಇಂಚಾದರೂ ಹೋಗಬೇಕು. ಡ್ರಿಲ್ ಒಮ್ಮೆಲೇ ಒಳಕ್ಕೆ ಜಾರಿದರೆ ಅದು ಟೊಳ್ಳು ಬ್ಲಾಕು, ಸಾದಾ ಪ್ಲಗ್ಗು ನಿಲ್ಲದು, ಒಳಗೆ ಬಿಚ್ಚಿಕೊಳ್ಳುವ ಆಂಕರ್ ಬೇಕು. ಡ್ರಿಲ್ಲಿಗೆ ಅನುಮತಿ ಇಲ್ಲದಿದ್ದರೆ ಅಂಟಿಸುವ ಹುಕ್ಕು ಅನ್ನುತ್ತಾರೆ. ಪುಡಿ ಬಿಡುವ ಡಿಸ್ಟೆಂಪರ್ ಗೋಡೆಗೆ ಅದು ಬಣ್ಣದ ಸಮೇತ ಬಿದ್ದುಹೋಗುತ್ತದೆ. ಟೈಲ್ಸಿಗೆ ಪರವಾಗಿಲ್ಲ.

ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಗೆ ಅಂಟಿಸುವ ಫೋಮ್ ಹಾಳೆಗೆ ದುಡ್ಡು ಹಾಕಬೇಡ, ಅದು ಕೋಣೆಯ ಒಳಗಿನ ಪ್ರತಿಧ್ವನಿ ತಗ್ಗಿಸುತ್ತದೆಯೇ ಹೊರತು ಪಕ್ಕದ ಮನೆಯ ಟಿವಿಯನ್ನು ತಡೆಯುವುದಿಲ್ಲ. ಮುಂಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಹಾಕು, ಹೊರಗಿನ ಪ್ಯಾಸೇಜಿನ ಸದ್ದು ಹೆಚ್ಚಾಗಿ ಬರುವುದು ಆ ಸಂದಿಯಿಂದ. ಹಾಗೆ ಮುಚ್ಚಿದ ಮೇಲೆ ಗಾಳಿಗೆ ಕಿಟಕಿಯೇ ದಾರಿ ಅನ್ನುವುದನ್ನು ನೆನಪಿಡು.

ಬೀಗದ ಕೈ ಕೈಗೆ ಬಂದ ದಿನವೇ, ಸಾಮಾನು ಇಳಿಸುವ ಮುಂಚೆ, ನಾಲ್ಕೂ ಗೋಡೆಯ ಬುಡ, ಕಿಟಕಿಯ ಕೆಳಭಾಗ, ಸಿಂಕಿನ ಅಡಿ, ಸೀಲಿಂಗಿನ ಮೂಲೆ ಫೋಟೋ ತೆಗೆದು ಮಾಲೀಕರಿಗೆ ಕಳಿಸಿಬಿಡು. ಹಳೆಯ ತೇವದ ಕಲೆಗೆ ನಿನ್ನ ಅಡ್ವಾನ್ಸಿನಲ್ಲಿ ಕಡಿತ ಬೀಳಬಾರದು. ಗೋಡೆಯ ಅಳತೆ, ಸೀಲಿಂಗಿನ ಎತ್ತರ, ಕಿಟಕಿ ಯಾವ ಗೋಡೆಗಿದೆ, ಹೊರಗೋಡೆ ಯಾವುದು, ಇಷ್ಟು ಬರೆದು ನನಗೂ ಕಳಿಸು. ಬೀರು ಎಲ್ಲಿ ನಿಲ್ಲಬೇಕು ಅಂತ ಆಮೇಲೆ ನೋಡೋಣ.

ಇಂತಿ,
ನಿನ್ನ ಗೆಳೆಯ